ಕಿತ್ತು ನೋಡುವ ಮೇಡಂ

ಮೇಡಂ ನಿವೃತ್ತರಾದ ದಿನ ನಮ್ಮ ವಿಭಾಗದ ಫ್ಯಾನು ಎಂದಿನ ವೇಗದಲ್ಲೇ ತಿರುಗುತ್ತಿತ್ತು. ಇದನ್ನು ಮೊದಲ ವಾಕ್ಯದಲ್ಲೇ ದಾಖಲಿಸಲು ಕಾರಣವಿದೆ. ಆ ಫ್ಯಾನಿನ ರೆಗ್ಯುಲೇಟರನ್ನು ವಿಭಾಗದ ಮುಖ್ಯಸ್ಥನೆಂಬ ಅಧಿಕಾರದಿಂದ ಹನ್ನೊಂದು ವರ್ಷ ನಡೆಸಿದವನು ನಾನು. ಬೇಸಿಗೆಯಲ್ಲಿ ಐದಕ್ಕೆ, ಮಳೆಗಾಲದಲ್ಲಿ ಮೂರಕ್ಕೆ, ಕಾರ್ತಿಕದ ಚಳಿಗೆ ಒಂದಕ್ಕೆ. ಬೇರೆ ಯಾರೂ ಅದನ್ನು ಮುಟ್ಟಕೂಡದೆಂಬ ಮೌಖಿಕ ಆದೇಶವೂ ಜಾರಿಯಲ್ಲಿತ್ತು.

ಅವರು ನಂಜನಗೂಡಿನ ನಮ್ಮ ಡಿಪ್ಲೊಮಾ ಕಾಲೇಜಿಗೆ ವರ್ಗವಾಗಿ ಬಂದ ಮೊದಲ ವಾರ. ನಾನು ಮೂರರಿಂದ ನಾಲ್ಕಕ್ಕೆ ತಿರುಗಿಸಿ, ಈಗ ಹಾಯಾಯಿತು ಎಂದು ಕುರ್ಚಿಗೆ ಒರಗಿದೆ. ಅವರು ತಲೆಯೆತ್ತಿ ಫ್ಯಾನು ನೋಡಿದರು, ರೆಗ್ಯುಲೇಟರು ನೋಡಿದರು, ನನ್ನನ್ನು ನೋಡಿದರು. ಮೇನ್ ಆಫ್ ಮಾಡಿಸಿ, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಒಂದು ತಂತಿಯೂ ಇರಲಿಲ್ಲ. ಎಂದೋ ಯಾವನೋ ಎಲೆಕ್ಟ್ರಿಷಿಯನ್ ಅದನ್ನು ಬಿಟ್ಟು ಫ್ಯಾನಿಗೆ ನೇರ ಕನೆಕ್ಷನ್ ಕೊಟ್ಟು ಹೋಗಿದ್ದ. ಹನ್ನೊಂದು ವರ್ಷ ನಾನು ತಿರುಗಿಸಿದ್ದು ಬರೀ ಗುಂಡಿಯನ್ನು. ಆದರೂ ನಾಲ್ಕರಲ್ಲಿ ತಂಪಾಗುತ್ತಿತ್ತು, ಒಂದರಲ್ಲಿ ಬೆಚ್ಚಗಾಗುತ್ತಿತ್ತು. ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥ ಎಂಬುದನ್ನು ಓದುಗರು ದಯವಿಟ್ಟು ಮರೆಯಬಾರದು.

ಅವರು ನಗಲಿಲ್ಲ. ಮುಚ್ಚಳವನ್ನು ಮತ್ತೆ ಕೂರಿಸಿ, "ಇರ್ಲಿ ಬಿಡಿ ಸಾರ್, ಗೋಡೆಗೆ ಚೆನ್ನಾಗಿದೆ" ಎಂದರು.

ಅವರ ಇಡೀ ಪಾಂಡಿತ್ಯ ಇಷ್ಟೇ. ಯಾವುದರಿಂದ ಕೆಲಸ ಆಗುತ್ತಿದೆ ಎಂದು ನಾವು ನಂಬಿದ್ದೇವೋ ಅದನ್ನು ಕಿತ್ತು ನೋಡುವುದು. ಕಿತ್ತ ಮೇಲೂ ಕೆಲಸ ಆಗುತ್ತಿದ್ದರೆ ನಮ್ಮ ನಂಬಿಕೆ ಸುಳ್ಳು. ಲ್ಯಾಬಿನಲ್ಲಿ ಹುಡುಗನೊಬ್ಬ ಬಲ್ಬು ಹತ್ತಿಸಿ ಹಿಗ್ಗಿ ನಿಂತರೆ, ಇಕ್ಕಳದಿಂದ ಅವನ ಟ್ರಾನ್ಸಿಸ್ಟರನ್ನು ನಾಜೂಕಾಗಿ ಎಳೆದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಲ್ಬು ಉರಿಯುತ್ತಲೇ ಇದ್ದರೆ ಹುಡುಗನ ಮುಖ ಆರುತ್ತಿತ್ತು. ಬೈಗುಳವಿಲ್ಲ, ಉಪದೇಶವಿಲ್ಲ. ಮಕ್ಕಳು ಅವರಿಗೆ ಇಕ್ಕಳದ ಮೇಡಂ ಎಂದು ಹೆಸರಿಟ್ಟಿದ್ದರು. ಟೆಸ್ಟರನ್ನು ತುರುಬಿಗೆ ಸಿಕ್ಕಿಸಿಕೊಂಡು ಅದನ್ನು ಮರೆತು ಬಸ್ಸು ಹತ್ತಿ ಮನೆಗೆ ಹೋದದ್ದೂ ಉಂಟು. ಕಂಡಕ್ಟರು ಹೂವಿನ ಜಾಗದಲ್ಲಿ ಅದನ್ನು ಕಂಡು ಚಿಲ್ಲರೆ ಸರಿಯಾಗಿ ಕೊಟ್ಟನಂತೆ.

ಅವರು ಬದನವಾಳಿನವರು. ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವರು. ಎಳೆ ಹರಿದರೆ ಆಕೆ ತಕ್ಷಣ ಗಂಟು ಹಾಕುತ್ತಿರಲಿಲ್ಲವಂತೆ. ಹರಿದ ತುದಿಯನ್ನು ಬೆಳಕಿಗೆ ಹಿಡಿದು, ಯಾಕೆ ಹರಿಯಿತೆಂದು ತಿಳಿಯುವವರೆಗೆ ರಾಟೆ ಮುಟ್ಟುತ್ತಿರಲಿಲ್ಲವಂತೆ. ಪಕ್ಕದವರೆಲ್ಲ ಇನ್ನೆರಡು ಲಡಿ ನೂಲು ಮುಗಿಸಿರುತ್ತಿದ್ದರು. ಮಗಳಿಗೆ ಬಂದ ಆಸ್ತಿ ಇದೊಂದೇ ಎಂದು ಕಾಣುತ್ತದೆ.

ಈ ಬರಹದಲ್ಲಿ ಅವರ ಹೆಸರಿಲ್ಲ. ಬರೆಯುತ್ತೇನೆಂದು ಹೇಳಿದಾಗ ಅವರು ಹಾಕಿದ ಷರತ್ತು ಅದು. "ಹೆಸರು ಕಿತ್ತು ನೋಡಿ ಸಾರ್. ಆಮೇಲೂ ನಾನೇ ಅಂತ ಗೊತ್ತಾದ್ರೆ ನೀವು ಬರ್ದಿದ್ದು ಸರಿ."

ಇನ್ನು ನಮ್ಮ ಪ್ರಾಜೆಕ್ಟುಗಳ ವಿಷಯ. ಕೊನೆಯ ವರ್ಷದ ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನ ಸೇರಿ ಒಂದು ಯಂತ್ರ ಮಾಡಬೇಕೆಂಬುದು ನಿಯಮ. ಮೈಸೂರಿಗೆ ಹೋಗಿ ಅಂಗಡಿಯಲ್ಲಿ ಸಿದ್ಧವಾದದ್ದನ್ನು ತರುವುದು ಪದ್ಧತಿ. ಅಂಗಡಿಯವನ ಹತ್ತಿರ ಇದ್ದದ್ದು ಮುಖ್ಯವಾಗಿ ಒಂದೇ ಸರಕು, ಟ್ಯಾಂಕಿನ ನೀರಿನ ಮಟ್ಟ ತೋರಿಸುವ ಸೂಚಕ. ಟ್ಯಾಂಕು ತುಂಬಿದಾಗ ಅದು ಕೂಗುತ್ತದೆ. ಅಂಥವು ನಮ್ಮ ಬೀರುವಿನಲ್ಲಿ ಹದಿನಾಲ್ಕು ಇದ್ದವು. ಕಾಲೇಜಿನ ಮಾಳಿಗೆಯ ಟ್ಯಾಂಕು ಮಾತ್ರ ದಿನಾ ಬೆಳಿಗ್ಗೆ ತುಂಬಿ ಹರಿಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಒಂದು ತಂಡ ನನ್ನ ಮುಂದೆ ಬಂದು ನಿಂತಿತು. ಮುಂದಾಳುಗಳು ಇಬ್ಬರು. ತಿ. ನರಸೀಪುರದ ಕಡೆಯ ಸಿದ್ದರಾಜು, ಮಾತಿನ ಮಲ್ಲ. ಕಳಲೆಯ ನಾಗರತ್ನ, ಮಾತು ಕಡಿಮೆ, ಬೆಸುಗೆ ಬಲು ಚೊಕ್ಕ. ಉಳಿದಿಬ್ಬರು ತಲೆಯಾಡಿಸಲು ಬಂದಿದ್ದರು. ಲೈಬ್ರರಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವರು ಓದಿದ್ದರಂತೆ, ಎಲ್ಲೋ ವಿದೇಶದಲ್ಲಿ ಒಂದು ಕೋತಿ ಬರೀ ಮನಸ್ಸಿನಿಂದಲೇ ಯಂತ್ರದ ಕೈಯನ್ನು ಆಡಿಸುತ್ತದೆಂದು. ತಾವೂ ಅಂಥದೇ ಕೃತಕ ಕೈ ಮಾಡುತ್ತಾರಂತೆ, ಮೆದುಳು ಆಜ್ಞೆ ಮಾಡಿದರೆ ಹಿಡಿಯುವಂಥದು. ಕೋತಿಗೆ ಆದದ್ದು ನಮಗೇಕೆ ಆಗದು ಎಂಬುದು ಅವರ ತರ್ಕ. ನೀರಿನ ಮಟ್ಟದ ಸೂಚಕ ಮಾಡಿ ಪಾಸಾಗಿ ಎಂದು ಹಿರಿಯನಾಗಿ ಬುದ್ಧಿ ಹೇಳಿ, ಮೇಡಂ ಹತ್ತಿರ ಕಳಿಸಿದೆ. ಅವರು ಕಿತ್ತುಹಾಕುತ್ತಾರೆಂಬ ಭರವಸೆ ನನಗಿತ್ತು.

ಅವರು ಅರ್ಜಿ ಓದಿದರು. ಉದ್ದೇಶ ಎಂಬಲ್ಲಿ ಸಿದ್ದರಾಜು "ಸಮಸ್ತ ಮನುಕುಲದ ಒಳಿತಿಗಾಗಿ" ಎಂದು ಬರೆದಿದ್ದ.

"ಮನುಕುಲದ ಅಳತೆ ತಗೊಂಡಿದ್ದೀರಾ?" ಎಂದು ಕೇಳಿದರು. "ಮೊಣಕೈ ಕೆಳಗೆ ಎಷ್ಟಿಂಚು ಉಳಿದಿದೆ ಮನುಕುಲಕ್ಕೆ?"

ಮೇಡಂ ಅರ್ಜಿ ಹಿಂದಕ್ಕೆ ಕೊಟ್ಟರು. ಹಾಕಿಕೊಳ್ಳುವವರು ಯಾರು, ಅವರ ಹೆಸರು ಬರೆದುಕೊಂಡು ಬನ್ನಿ, ಆಮೇಲೆ ಸಹಿ ಮಾಡುತ್ತೇನೆ ಎಂದರು. ಆಗ ಸಿದ್ದರಾಜು ತನ್ನ ಸೋದರಮಾವ ಕೆಂಪಣ್ಣನ ಹೆಸರು ಹೇಳಿದ. ಅಲ್ಲಿಯವರೆಗೆ ಅವನಿಗೆ ಮಾವ ಮನುಕುಲದಲ್ಲಿ ಸೇರುತ್ತಾನೆಂದು ಹೊಳೆದಿರಲಿಲ್ಲ.

ಮುಂದಿನ ಸೋಮವಾರ ಕೆಂಪಣ್ಣ ನರಸೀಪುರದ ಬಸ್ಸಿನಲ್ಲಿ ಬಂದಿಳಿದ. ನಲವತ್ತರ ಆಸುಪಾಸು, ಹೆಗಲಿಗೆ ಟವೆಲು, ಬಾಯಿ ತುಂಬ ಎಲೆಅಡಿಕೆ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ಮಣಿಕಟ್ಟಿನ ಮೇಲಿನವರೆಗೂ ಹೋಗಿತ್ತು. ಕೇಳಿದರೆ "ಕಬ್ಬಿನ್ ಜೊತೇಲೇ ಓಯ್ತು ಸಾ" ಎಂದ, ಕೊಡೆ ಕಳೆದುಕೊಂಡವನ ಹಾಗೆ. ಯಾವುದೋ ಕ್ಯಾಂಪಿನಲ್ಲಿ ಅವನಿಗೆ ಪುಕ್ಕಟೆ ರಬ್ಬರ್ ಕೈ ಸಿಕ್ಕಿತ್ತು. ಅದು ನೋಡಲು ಕೈಯಂತಿತ್ತು, ಏನನ್ನೂ ಹಿಡಿಯುತ್ತಿರಲಿಲ್ಲ. ಹಕ್ಕಿ ಬೆದರಿಸಲು ಹೊಲದಲ್ಲಿ ನಿಲ್ಲಿಸಿದ್ದ ಬೆರ್ಚಪ್ಪನಿಗೆ ತೊಡಿಸಿದ್ದನಂತೆ, ಅವನಿಗೆ ಒಪ್ಪುತ್ತದಂತೆ.

ಮೇಡಂ ಅವನ ಮೊಂಡುಗೈಯ ಸುತ್ತಳತೆ ತೆಗೆದುಕೊಳ್ಳುತ್ತಾ, ಕೈ ಸಿಕ್ಕರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು. ಹುಡುಗರು ಪೆನ್ನು ಹಿಡಿದು ದೊಡ್ಡ ಮಾತಿಗೆ ಕಾದರು.

"ಮೂಟೆ ಬಾಯಿ ಇಡ್ಕೊಬೇಕು ಕಣ್ರವ್ವ. ಒಂದ್ ಕೈಲಿ ಬತ್ತ ತುಂಬ್ಬೇಕು ಅಂದ್ರೆ ಇನ್ನೊಂದ್ ಕೈ ಚೀಲದ್ ಬಾಯಿ ಇಡೀಬೇಕಲ್ವಾ? ಪ್ರತಿ ಮೂಟೆಗೂ ಎಂಡ್ತಿ ಕರೀಬೇಕು. ಅವ್ಳು ಬತ್ತಾಳೆ. ಬಂದು ಅರ್ಧ ಗಂಟೆ ಬೈತಾಳೆ."

ಉದ್ದೇಶ ಎಂಬ ಜಾಗದಲ್ಲಿ ಮನುಕುಲ ಹೊಡೆದುಹಾಕಿ, "ಚೀಲದ ಬಾಯಿ ಹಿಡಿಯುವುದು" ಎಂದು ಬರೆಸಿ ಮೇಡಂ ಸಹಿ ಮಾಡಿದರು.

ನಾಲ್ಕು ತಿಂಗಳು ಕೆಲಸ ನಡೆಯಿತು. ಗುಜರಿಯಿಂದ ಕಾರಿನ ವೈಪರ್ ಮೋಟಾರು ಬಂತು. ಅಲ್ಯೂಮಿನಿಯಂ ಬೆರಳುಗಳು, ಅವುಗಳ ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರು. ತಲೆಗೆ ಕಟ್ಟುವ ಪಟ್ಟಿಯಲ್ಲಿ ಎರಡು ಬೆಳ್ಳಿ ಬಿಲ್ಲೆ. ಅವು ನಾಗರತ್ನಳ ಅಜ್ಜಿಯ ಹಳೇ ಕಾಲ್ಗೆಜ್ಜೆಯಿಂದ ಬಂದವು; ಅಕ್ಕಸಾಲಿ ಆಚಾರರು ತಟ್ಟಿ ಕೊಟ್ಟಿದ್ದರು. ಬಿಲ್ಲೆಗಳು ಕಣ್ಣು ಕಿವಿಗಳ ನಡುವೆ ಎರಡೂ ಕಣತಲೆಯ ಮೇಲೆ ಕೂರುತ್ತವೆ, ಮೆದುಳಿನ ಸಣ್ಣ ಕರೆಂಟನ್ನು ಹಿಡಿಯುತ್ತವೆ, ಸರ್ಕ್ಯೂಟು ಅದನ್ನು ದೊಡ್ಡದು ಮಾಡಿ ಮೋಟಾರಿಗೆ ಹೇಳುತ್ತದೆ, ಕೈ ಮುಚ್ಚುತ್ತದೆ. ಕರೆಂಟು ನಿಂತರೆ ಸ್ಪ್ರಿಂಗು ಕೈಯನ್ನು ಬಿಚ್ಚುತ್ತದೆ. ಹೀಗೆಂದು ಸಿದ್ಧಾಂತ.

ಒಂದು ದಿನ ಅದು ಕೆಲಸ ಮಾಡಿಯೇಬಿಟ್ಟಿತು. ಕೆಂಪಣ್ಣ ಸ್ಟೂಲಿನ ಮೇಲೆ ಕೂತಿದ್ದ. ಕೈ ಮುಚ್ಚು ಅಂತ ಮನಸಿನಲ್ಲಿ ಗಟ್ಟಿಯಾಗಿ ಅಂದುಕೋ ಮಾವ ಎಂದು ಸಿದ್ದರಾಜು ಹೇಳಿಕೊಟ್ಟ. ಕೆಂಪಣ್ಣ ಹುಬ್ಬು ಗಂಟಿಕ್ಕಿ, ಕಣ್ಣು ಮುಚ್ಚಿ, ಸಾಲದ ಬಡ್ಡಿ ಲೆಕ್ಕ ಹಾಕುವವನಂತೆ ಯೋಚಿಸಿದ. ಬೆರಳುಗಳು ಗುಂಯ್ ಎಂದು ಮುಚ್ಚಿದವು. ಯೋಚನೆ ಬಿಟ್ಟ, ಬಿಚ್ಚಿದವು. ಹತ್ತು ಸಲ ಮಾಡಿಸಿದರು, ಹತ್ತು ಸಲವೂ ಆಯಿತು.

ನಾನು ಪತ್ರಿಕೆಯವನಿಗೆ ಫೋನು ಮಾಡಿದೆ. ಮಾನವನ ಸಂಕಲ್ಪಶಕ್ತಿಯ ಬಗ್ಗೆ ನಾಲ್ಕು ಮಾತೂ ಕೊಟ್ಟೆ. ಮೂರನೇ ದಿನ ಫೋಟೊ ಬಂತು. ನಡುವೆ ನಾನು, ಎರಡು ಬದಿಗೆ ವಿದ್ಯಾರ್ಥಿಗಳು, ಅಂಚಿನಲ್ಲಿ ಅರ್ಧ ಕೆಂಪಣ್ಣ. "ಮೆದುಳಿನ ಆಜ್ಞೆಗೆ ತಲೆಬಾಗಿದ ಕೈ" ಎಂದು ಶೀರ್ಷಿಕೆ. ಪ್ರಿನ್ಸಿಪಾಲರು ಅದಕ್ಕೆ ಚೌಕಟ್ಟು ಹಾಕಿಸಿದರು. ಫೋಟೊದಲ್ಲಿ ಮೇಡಂ ಇಲ್ಲ. ಅವರು ಆಗ ಕ್ಯಾಮರಾದ ಪಕ್ಕದಲ್ಲಿ ನಿಂತು ಕೆಂಪಣ್ಣನ ಮುಖವನ್ನೇ ನೋಡುತ್ತಿದ್ದರು.

ನನ್ನ ಲ್ಯಾಬಿನೊಳಗೆ ಎಲೆಅಡಿಕೆ ನಿಷಿದ್ಧ ಎಂಬುದನ್ನು ಇಲ್ಲಿ ಹೇಳಬೇಕು. ಕೆಂಪಣ್ಣ ಪ್ರತಿ ಸಲವೂ ಗೇಟಿನ ಹತ್ತಿರ ಉಗಿದು, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದ. ವೈವಾಗೆ ಹತ್ತು ದಿನ ಇತ್ತು. ರಿಪೋರ್ಟಿನ ಐದು ಪ್ರತಿಗಳು ಚಿನ್ನದ ಅಕ್ಷರದಲ್ಲಿ ಬೈಂಡಾಗಿ ಬಂದಿದ್ದವು. ಅಂದು ಮೇಡಂ ಕೆಂಪಣ್ಣನಿಗೆ, ಇವತ್ತು ಎಲೆಅಡಿಕೆ ಹಾಕಿಕೊಂಡೇ ಒಳಗೆ ಬನ್ನಿ ಎಂದರು. ನಾನು ಆಕ್ಷೇಪಿಸಲು ಎದ್ದೆ. ಅವರು ನನ್ನನ್ನು ನೋಡದೆಯೇ ಕೈಸನ್ನೆಯಿಂದ ಕೂರಿಸಿದರು.

"ಕೆಂಪಣ್ಣ, ಕೈ ವಿಷ್ಯ ಯೋಚ್ನೆ ಮಾಡ್ಬೇಡಿ. ಬೇರೆ ಏನಾದ್ರೂ ಯೋಚ್ನೆ ಮಾಡಿ."

"ಏನ್ ಯೋಚ್ನೆ ಮಾಡ್ಲವ್ವ?"

"ನಿಮ್ಮನೆ ಎಮ್ಮೆ."

ತಲೆಗೆ ಪಟ್ಟಿ ಕಟ್ಟಿದ್ದ ಕೆಂಪಣ್ಣ ಎಮ್ಮೆಯನ್ನು ನೆನೆದುಕೊಂಡು ಸಮಾಧಾನವಾಗಿ ಜಗಿಯತೊಡಗಿದ. ಮೇಜಿನ ಮೇಲಿದ್ದ ಯಂತ್ರದ ಕೈ ಮುಚ್ಚಿತು, ಬಿಚ್ಚಿತು, ಮುಚ್ಚಿತು, ಬಿಚ್ಚಿತು. ಅವನ ದವಡೆ ಆಡಿದ ಹಾಗೆ ಅದೂ ಆಡಿತು. ಎಮ್ಮೆಯನ್ನು ನೆನೆದರೆ ನಮ್ಮ ಯಂತ್ರವೂ ಮೆಲುಕು ಹಾಕುತ್ತಿತ್ತು. ಅವನು ಜಗಿಯುವುದನ್ನು ನಿಲ್ಲಿಸಿ, "ಯಾಕ್ಲಾ ಸಿದ್ದ, ಇಂಗಾಡ್ತದೆ?" ಎಂದು ಕೇಳಿದ. ಅದೂ ನಿಂತು, ಮಾತಿಗೆ ಸರಿಯಾಗಿ ಎರಡು ಸಲ ಅದುರಿತು.

ಮೇಡಂ ವಿವರಿಸುವ ಅಗತ್ಯವಿರಲಿಲ್ಲ. ಮನುಷ್ಯ ಗಟ್ಟಿಯಾಗಿ ಯೋಚಿಸುವಾಗ ಹಲ್ಲು ಕಚ್ಚುತ್ತಾನೆ. ಹಲ್ಲು ಕಚ್ಚಿದರೆ ಕಣತಲೆಯ ಸ್ನಾಯು ಬಿಗಿಯುತ್ತದೆ. ಬೆಳ್ಳಿ ಬಿಲ್ಲೆ ಕೂತಿದ್ದದ್ದು ಅದರ ಮೇಲೆಯೇ. ಮೆದುಳಿನ ಪಿಸುಮಾತು ಕೇಳಲು ಹೋದವರಿಗೆ ದವಡೆಯ ಡೊಳ್ಳು ಕೇಳಿಸಿತ್ತು. ನಾಲ್ಕು ತಿಂಗಳು ನಿಜವನ್ನು ಗೇಟಿನಾಚೆ ಉಗಿಸಿ ಬಂದದ್ದು ನನ್ನ ಶಿಸ್ತು.

ಸಿದ್ದರಾಜು ಅಳುವ ಹಾಗಿದ್ದ. ಕೆಂಪಣ್ಣನಿಗೆ ವಿಷಯ ತಿಳಿಸಿದರೆ ಅವನಿಗೆ ದುಃಖವೇ ಆಗಲಿಲ್ಲ. "ತಲೇನೋ ದವ್ಡೇನೋ, ಇಡೀತದಲ್ವಾ? ಅಷ್ಟ್ ಸಾಕು ಬುಡು" ಎಂದ. ನನಗೆ ಮಾತ್ರ ಚೌಕಟ್ಟಿನ ಫೋಟೊ ಕಣ್ಣ ಮುಂದೆ ಬಂತು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಒಂದು ಸೂಕ್ಷ್ಮವನ್ನು ಮಂಡಿಸಿದೆ.

"ಮೇಡಂ, ವಿಚಾರ ಮಾಡಿದರೆ ದವಡೆಯೂ ತಲೆಯಲ್ಲೇ ಇದೆಯಲ್ಲ?"

"ರೆಗ್ಯುಲೇಟರೂ ಗೋಡೆ ಮೇಲೇ ಇತ್ತು ಸಾರ್."

ನಾನು ಕುಳಿತೆ.

ವಿದ್ಯಾರ್ಥಿಗಳ ಕಡೆ ತಿರುಗಿ ಅವರು ಹೇಳಿದ್ದು ಇಷ್ಟು. ಪ್ರಾಜೆಕ್ಟನ್ನು ಆರಿಸಿಕೊಂಡವರು ನೀವು, ರಿಪೋರ್ಟಿನಲ್ಲಿ ಹೆಸರಿರುವುದು ನಿಮ್ಮದು, ಏನು ಹೇಳಬೇಕೆಂದು ಆರಿಸುವವರೂ ನೀವೇ. ಹಾಗೆಂದು ಇಕ್ಕಳ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟುಹೋದರು. ನನಗೆ ಆಗ ಅದು ಕ್ರೌರ್ಯವೆನಿಸಿತು. ಒಂದು ಮಾತು ಅಪ್ಪಣೆ ಕೊಟ್ಟಿದ್ದರೆ ಮಕ್ಕಳ ಹೆಗಲ ಭಾರ ಇಳಿಯುತ್ತಿತ್ತು.

ಭಾರ ಸಣ್ಣದಲ್ಲ. ವೈವಾಗೆ ಬರಲಿದ್ದ ಹೊರಗಿನ ಪರೀಕ್ಷಕರು ಅರ್ಧ ಕೆಲಸಕ್ಕೆ ಫೇಲು ಮಾಡುವುದರಲ್ಲಿ ಹೆಸರಾದವರು. ಮೆದುಳು ಎಂದು ಹೊರಟು ದವಡೆಗೆ ಬಂದು ನಿಂತವರನ್ನು ಅವರು ಏನೆನ್ನುವರೋ. ಉಳಿದ ಮೂವರಿಗೆ ಫೇಲೆಂದರೆ ಇನ್ನೊಂದು ವರ್ಷ. ನಾಗರತ್ನಳಿಗೆ ಇನ್ನೊಂದು ವರ್ಷ ಎಂಬುದೇ ಇರಲಿಲ್ಲ. ಈ ಮೇ ತಿಂಗಳವರೆಗೆ ಓದು, ಆಮೇಲೆ ನಾವು ಹೇಳಿದ ಹಾಗೆ ಕೇಳಬೇಕು ಎಂದು ಅವಳ ಮನೆಯಲ್ಲಿ ಮಾತಾಗಿತ್ತು. ಡಿಪ್ಲೊಮಾ ಕೈಗೆ ಬಂದರೆ ಕೆಲಸಕ್ಕೆ ಹೋಗುವ ಬಾಗಿಲು, ಬರದಿದ್ದರೆ ಅದೂ ಇಲ್ಲ.

ಮಾರನೆಯ ದಿನ ಲ್ಯಾಬಿನ ಹೊರಗೆ ನಾಲ್ವರೂ ಜಗಳಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ಯಾರಿಗೂ ಗೊತ್ತಾಗಲ್ಲ, ಮಾವಂಗೆ ಬಾಯಿ ಮುಚ್ಕೊಂಡಿರು ಅಂದ್ರೆ ಆಯ್ತು ಎಂಬುದು ಸಿದ್ದರಾಜುವಿನ ವಾದ. ನಿನಗೋಸ್ಕರ ತಾನೆ ಹೇಳೋದು ನಾಗು ಎಂದೂ ಸೇರಿಸಿದ.

ನಾಗರತ್ನ ಹೇಳಿದಳು. "ನನಗೋಸ್ಕರ ಏನೂ ಬೇಡ ಕಣೋ. ಡಿಪ್ಲೊಮಾ ತಗೊಂಡು ಓಗಿ ಎಲ್ಲಾದ್ರೂ ಕೆಲಸ ಮಾಡ್ಬೇಕಲ್ಲ? ಅಲ್ಲಿ ಒಂದ್ ಮಿಷೀನ್ ಓಡ್ತಾ ಇರುತ್ತೆ. ಯಾಕ್ ಓಡ್ತಾ ಇದೆ ಅಂತ ಕೇಳ್ತಾರೆ. ನಂಗೆ ಇದೇ ನೆನಪಾಗುತ್ತೆ."

ವೈವಾದ ದಿನ ಐದೂ ಪ್ರತಿಗಳ ಚಿನ್ನದ ಅಕ್ಷರದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿತ್ತು. "ದವಡೆಯ ಸ್ನಾಯುವಿನಿಂದ ನಡೆಯುವ ಕೃತಕ ಕೈ" ಎಂದು ಟೈಪು ಮಾಡಿತ್ತು. ಕೊನೆಗೆ ಮೂರು ಪುಟದ ಹೊಸ ಅಧ್ಯಾಯ, ತಲೆಬರಹ "ನಮಗೆ ಎಲ್ಲಿ ತಪ್ಪಿತು". ಪಟ್ಟಿಯ ಒಂದು ಅಂಚಿನಲ್ಲಿ ಚಿನ್ನ ಇನ್ನೂ ಇಣುಕುತ್ತಿತ್ತು. ಮೇಡಂ ಅದನ್ನು ಓದಿದರು, ಒಂದು ಕಾಗುಣಿತ ತಿದ್ದಿದರು. ಆದರೆ ಅಂದು ಅವರ ಇಕ್ಕಳ ಚೀಲದಿಂದ ಹೊರಗೆ ಬರಲಿಲ್ಲ. ಅದನ್ನು ಹೊಗಳಿಕೆಯೆಂದು ತಿಳಿಯುವಷ್ಟು ನಾನು ಅವರನ್ನು ಕಂಡಿದ್ದೆ.

ಪರೀಕ್ಷಕರು ಎಲ್ಲ ಬಿಟ್ಟು ಆ ಮೂರು ಪುಟವನ್ನೇ ಓದಿದರು. ಕನ್ನಡಕ ತೆಗೆದು, ಇದನ್ನು ಬರೆಯದಿದ್ದರೆ ನನಗೆ ತಿಳಿಯುತ್ತಿರಲಿಲ್ಲ, ಯಾಕೆ ಬರೆದಿರಿ ಎಂದು ಕೇಳಿದರು. ಸಿದ್ದರಾಜುವಿನ ನಾಲಗೆ ಮೊದಲ ಸಲ ಕೈಕೊಟ್ಟಿತು. ನಾಗರತ್ನ ಮುಂದೆ ಬಂದು ಹೇಳಿದಳು.

"ಯೋಚ್ನೆ ಕಿತ್ತು ನೋಡಿದ್ವಿ ಸಾರ್. ಕೈ ನಿಲ್ಲಲಿಲ್ಲ."

ಪರೀಕ್ಷಕರು ಆ ತಲೆಪಟ್ಟಿಯನ್ನು ತಮಗೆ ಕಟ್ಟಿ ಎಂದರು. ಕಟ್ಟಿದ ಕೂಡಲೇ ಕೈ ಮುಚ್ಚಿಕೊಂಡಿತು, ಬಿಚ್ಚಲೇ ಇಲ್ಲ. ಯಂತ್ರ ಕೆಟ್ಟಿತೆಂದು ಹುಡುಗರು ಗಾಬರಿಯಾದರು. ಅದು ಕೆಟ್ಟಿರಲಿಲ್ಲ. ಮೂವತ್ತು ವರ್ಷ ವಿದ್ಯಾರ್ಥಿಗಳ ಉತ್ತರ ಕೇಳಿ ಕೇಳಿ ಆ ಮಹನೀಯರಿಗೆ ಸದಾ ಹಲ್ಲು ಕಚ್ಚಿಕೊಂಡೇ ಇರುವುದು ಅಭ್ಯಾಸವಾಗಿತ್ತು. ಸ್ವಲ್ಪ ಬಾಯಿ ಸಡಿಲ ಬಿಡಿ ಸಾರ್ ಎಂದು ಮೇಡಂ ವಿನಯದಿಂದ ಹೇಳಿದರು. ಬಿಟ್ಟರು, ಕೈ ಬಿಚ್ಚಿತು. ಪರೀಕ್ಷಕರು ನಕ್ಕದ್ದನ್ನು ನಮ್ಮ ಕಾಲೇಜು ಕಂಡದ್ದು ಅಂದು ಮಾತ್ರ.

ಆಮೇಲೆ ಕೆಂಪಣ್ಣ ಯಂತ್ರದ ಕೈ ಕಟ್ಟಿಕೊಂಡು, ಬ್ಯಾಟರಿ ಚೀಲ ಹೆಗಲಿಗೆ ಹಾಕಿ, ಹಲ್ಲು ಕಚ್ಚಿ ಗೋಣಿಚೀಲದ ಬಾಯಿ ಹಿಡಿದ. ಎಡಗೈಯಿಂದ ಅರ್ಧ ಮೂಟೆ ಬತ್ತ ತುಂಬಿದ. ಇಡೀ ಹೊತ್ತಿನಲ್ಲಿ ಒಂದು ಮಾತಾಡಲಿಲ್ಲ, ಆಡುವ ಹಾಗಿರಲಿಲ್ಲ. ಮಾತಾಡಿದರೆ ಚೀಲ ಬೀಳುತ್ತದೆ. ಇದು ಮೇಡಮ್ಮೋರು ಮಾಡಿದ ದೊಡ್ಡ ಉಪಕಾರವೆಂದು ಅವನ ಹೆಂಡತಿ ಆಮೇಲೆ ಊರಲ್ಲೆಲ್ಲ ಹೇಳಿಕೊಂಡು ಬಂದಳಂತೆ.

ಎಲ್ಲರೂ ಪಾಸಾದರು. ಅತಿ ಹೆಚ್ಚು ಅಂಕ ಬಂದದ್ದು ಆ ವರ್ಷದ ನೀರಿನ ಮಟ್ಟದ ಸೂಚಕಕ್ಕೆ. ಇದನ್ನು ಮುಚ್ಚಿಟ್ಟರೆ ಮೇಡಂ ಬಂದು ಕಿತ್ತು ನೋಡುತ್ತಾರೆ, ಆದ್ದರಿಂದ ಬರೆದಿದ್ದೇನೆ. ಪತ್ರಿಕೆಯವನ ಹತ್ತಿರ ತಿದ್ದುಪಡಿ ಹಾಕಿಸಲು ನಾನೇ ಖುದ್ದಾಗಿ ಹೋದೆ. ಮೆದುಳು ಅಂದರೆ ಸುದ್ದಿ, ದವಡೆ ಅಂದರೆ ಎಂಥ ಸುದ್ದಿ ಸಾರ್ ಎಂದು ಟೀ ಕುಡಿಸಿ ಕಳಿಸಿದ. ಚೌಕಟ್ಟಿನ ಫೋಟೊದಲ್ಲೂ "ಮೆದುಳಿನ" ಎಂಬುದರ ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿ ನಾನೇ ನನ್ನ ಕೈಯಿಂದ "ದವಡೆಯ" ಎಂದು ಬರೆದೆ. ಮೂವತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಹೆಮ್ಮೆಯಿಂದ ಮಾಡಿದ ತಿದ್ದುಪಡಿ ಅದೊಂದೇ.

ನಾನು ನಿವೃತ್ತನಾದ ಎರಡು ವರ್ಷಕ್ಕೆ ಮೇಡಂ ಕೂಡ ನಿವೃತ್ತರಾದರು. ಬೀಳ್ಕೊಡುಗೆಗೆ ನನ್ನನ್ನು ಕರೆದಿದ್ದರು. ನಾಗರತ್ನ ಮೈಸೂರಿನ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದಳು. ಅಲ್ಲಿ ಅವಳಿಗೇನು ಹೆಸರಿಟ್ಟಿದ್ದಾರೋ ನಾನು ಕೇಳಲಿಲ್ಲ. ಸಿದ್ದರಾಜು ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ. ಮಾವನ ಕೈಯನ್ನು ಇಷ್ಟು ವರ್ಷ ಅವನೇ ನಡೆಸಿಕೊಂಡು ಬಂದಿದ್ದ. ಮೋಟಾರು ಮೂರನೆಯದು, ಬೆಳ್ಳಿ ಬಿಲ್ಲೆ ಮಾತ್ರ ಮೊದಲಿನವು.

ಕೆಂಪಣ್ಣನೂ ಬಂದಿದ್ದ. ತಲೆಗೆ ಕಟ್ಟಿದ ಟವೆಲಿನ ಅಡಿಯಿಂದ ತಂತಿ ಇಳಿದಿತ್ತು. ಗೇಟಿನಲ್ಲಿ ಉಗಿದು, ಬಾಯಿ ಮುಕ್ಕಳಿಸಿಯೇ ಒಳಗೆ ಬಂದ; ನನ್ನ ಆದೇಶ ಅವನ ಪಾಲಿಗೆ ಇನ್ನೂ ಜಾರಿಯಲ್ಲಿತ್ತು. ಹಾರ ಹಾಕುವವನು ಅವನೇ ಎಂದು ವಿದ್ಯಾರ್ಥಿಗಳು ತೀರ್ಮಾನಿಸಿದ್ದರು. ಭಾರದ ಸುಗಂಧರಾಜದ ಹಾರ. ಒಂದು ತುದಿ ಎಡಗೈಯಲ್ಲಿ, ಇನ್ನೊಂದು ತುದಿ ಅಲ್ಯೂಮಿನಿಯಂ ಬೆರಳಲ್ಲಿ. ವೇದಿಕೆಗೆ ಬಂದು ನಿಂತ.

ಆಗ ನಿರೂಪಣೆಯ ಹೊಸ ಮೇಷ್ಟರು, ವಿಷಯ ತಿಳಿಯದೆ, ಮೈಕನ್ನು ಅವನ ಬಾಯಿಯ ಮುಂದೆ ಹಿಡಿದು, ಹಾರ ಹಾಕುವ ಮೊದಲು ಎರಡು ಮಾತಾಡಬೇಕೆಂದು ವಿನಂತಿಸಿದರು.

ಕೆಂಪಣ್ಣ ಮಾತಾಡಲಿಲ್ಲ. ಬಾಯಿ ಬಿಟ್ಟರೆ ಹಾರ ಬೀಳುತ್ತದೆ. ಹಲ್ಲು ಕಚ್ಚಿ, ಕಣತಲೆಯ ನರ ಉಬ್ಬಿಸಿ, ಮೈಕನ್ನೇ ದುರುಗುಟ್ಟಿ ನೋಡುತ್ತಾ ನಿಂತ. ಮೇಷ್ಟರು ಮತ್ತೆ ವಿನಂತಿಸಿದರು. ಸಭೆಗೆ ಅವನ ಮೌನ ತಾಗಿತು. ಭಾವುಕರಾಗಿದ್ದಾರೆ ಎಂದು ಯಾರೋ ಪಿಸುಗುಟ್ಟಿದರು, ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಅವನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಹಾರ ಅಲ್ಯೂಮಿನಿಯಂ ಬೆರಳಿನಿಂದ ಇಷ್ಟಿಷ್ಟೇ ಜಾರಿ ಜಗ್ಗುತ್ತಿತ್ತು.

ಮೇಡಂ ಕುರ್ಚಿಯಿಂದ ಎದ್ದರು. ಮೈಕನ್ನು ಪಕ್ಕಕ್ಕೆ ಸರಿಸಿ, ತಾವೇ ಹಾರದ ಕೆಳಗೆ ಬಂದು ತಲೆಬಾಗಿದರು.

"ಹೂಂ, ಈಗ ಬಿಡಿ ಕೆಂಪಣ್ಣ."

ಬಿಟ್ಟ. ಬೆರಳು ಬಿಚ್ಚಿದವು, ಹಾರ ಅವರ ಹೆಗಲ ಮೇಲೆ ಸರಿಯಾಗಿ ಕೂತಿತು. ಚಪ್ಪಾಳೆಯ ನಡುವೆ, ಈಗಲಾದರೂ ಮಾತಾಡಿ ಎಂದು ಮೇಷ್ಟರು ಮೈಕು ತಂದರು. ಕೆಂಪಣ್ಣ ದವಡೆ ಸವರಿಕೊಂಡ.

"ಇನ್ನೇನದೆ ಸಾ ಆಡಕ್ಕೆ? ಇಡ್ದಿತ್ತಲ್ಲ. ಎಲ್ರೂ ನೋಡುದ್ರಲ್ಲ."

ಮೇಡಂ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಕೊರಳಲ್ಲಿ ಹಾರ ಹಾಗೇ ಇತ್ತು. ಅವನ ಯಂತ್ರದ ಕೈಯನ್ನು ಎರಡು ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳಿನ ಒಳಮೈ ನೋಡುತ್ತಿದ್ದರು.

"ಸಿದ್ದರಾಜು," ಎಂದು ಸಭೆಯೊಳಕ್ಕೆ ಕರೆದರು, "ಈ ರಬ್ಬರು ಸವೆದಿದೆ ನೋಡು. ಅದಕ್ಕೇ ಜಾರ್ತಿತ್ತು."